ಆಪರೇಶನ್ ಕೋಣೆಯ ಕಾಗದ ರೋಗಿಯ ಕೈಗೂ ಬರಲಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ವಿಷಯ: ಶಸ್ತ್ರಚಿಕಿತ್ಸೆಯಲ್ಲಿ ಆಗುವ ತಪ್ಪುಗಳ ದಾಖಲೆ, ಹೊಣೆ ಮತ್ತು ಪರಿಹಾರದ ಬಗ್ಗೆ.

ಮಾನ್ಯರೇ,

ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿ ದುಡಿದು ನಿವೃತ್ತಳಾದವಳು. ಸೇವೆಯ ಬಹುಪಾಲು ಕಳೆದದ್ದು ಆಪರೇಶನ್ ಥಿಯೇಟರಿನಲ್ಲಿ (ಓಟಿಯಲ್ಲಿ). ಆ ಕೋಣೆಯಲ್ಲಿ ಏನೇನು ನಡೆಯುತ್ತದೆ, ಅದರಲ್ಲಿ ಯಾವುದನ್ನು ಬರೆದಿಡುತ್ತಾರೆ, ಯಾವುದನ್ನು ಬರೆಯದೆ ಬಿಡುತ್ತಾರೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ಈಚಿನ ವರ್ಷಗಳಲ್ಲಿ ನಮ್ಮ ಮನೆಯ ಹೆಣ್ಣುಮಗಳೊಬ್ಬಳಿಗೆ ಒದಗಿದ ತೊಂದರೆಯಿಂದಾಗಿ, ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತು ಕಾಯುವವರ ಪಾಡೇನು ಎಂಬುದನ್ನೂ ತಿಳಿಯಬೇಕಾಯಿತು. ಶಸ್ತ್ರಚಿಕಿತ್ಸೆಯಲ್ಲಿ ತಪ್ಪಾದಾಗ ಅದಕ್ಕೆ ಯಾರು ಹೊಣೆ ಎಂಬುದನ್ನು ನಮ್ಮ ನ್ಯಾಯಾಲಯಗಳೂ ಆಯೋಗಗಳೂ ಆಸ್ಪತ್ರೆಯ ಕಾಗದಗಳನ್ನು ನೋಡಿಯೇ ತೀರ್ಮಾನಿಸುತ್ತವೆ. ಆ ಕಾಗದಗಳೋ, ಯಾರ ಮೇಲೆ ದೂರಿದೆಯೋ ಅವರದೇ ಕಪಾಟಿನಲ್ಲಿರುತ್ತವೆ. ನನ್ನ ದೂರಿನ ತಿರುಳು ಇಷ್ಟೇ. ಮುಂದೆ ಬರೆಯುವುದೆಲ್ಲ ಇದರ ವಿವರ.

ನನ್ನ ನಾದಿನಿಗೆ 2021ರ ಕೊನೆಯಲ್ಲಿ ಪಕ್ಕದ ತಾಲ್ಲೂಕು ಕೇಂದ್ರದ ಖಾಸಗಿ ಆಸ್ಪತ್ರೆಯೊಂದರಲ್ಲಿ ಗರ್ಭಕೋಶ ತೆಗೆಯುವ ಆಪರೇಶನ್ ಆಯಿತು. ದೂರು ಇನ್ನೂ ವಿಚಾರಣೆಯಲ್ಲಿರುವುದರಿಂದ ಆಸ್ಪತ್ರೆಯ ಹೆಸರನ್ನಾಗಲಿ ವೈದ್ಯರ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದ ಕೆಲವೇ ವಾರಗಳಲ್ಲಿ ಆಕೆಗೆ ಹೊಟ್ಟೆನೋವು, ಸಂಜೆಯಾದರೆ ಜ್ವರ, ಊಟ ಸೇರದ ಸ್ಥಿತಿ ಶುರುವಾಯಿತು. ತೋರಿಸಲು ಹೋದಾಗಲೆಲ್ಲ ಹೊಲಿಗೆಯ ನೋವು, ಗ್ಯಾಸ್ಟ್ರಿಕ್, ಮನಸ್ಸಿನ ಭಯ ಎಂಬ ಉತ್ತರಗಳೇ ಬಂದವು. ವರ್ಷ ದಾಟಿದ ಮೇಲೆ ದೊಡ್ಡ ಊರಿನ ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ ಕರುಳಿನ ಪಕ್ಕದಲ್ಲಿ ಒಂದು ಗಂಟು ಕಂಡಿತು, ಗಂಟಿನೊಳಗೆ ಸುರುಳಿ ಸುತ್ತಿದ ಬಿಳಿಯ ಗೆರೆ. ಆ ಗೆರೆ ಏನೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಹೊಟ್ಟೆಯ ಆಪರೇಶನ್ನಿನಲ್ಲಿ ರಕ್ತ ಹೀರಲು ಬಳಸುವ ಮಾಪ್ ಎಂಬ ಬಟ್ಟೆಯಲ್ಲಿ ಎಕ್ಸ್‌ರೇಗೆ ಕಾಣುವ ಎಳೆಯೊಂದನ್ನು ಸೇರಿಸಿರುತ್ತಾರೆ, ಅಕಸ್ಮಾತ್ ಒಳಗೆ ಉಳಿದರೆ ಪತ್ತೆಯಾಗಲೆಂದು. ಎರಡನೆಯ ಆಪರೇಶನ್ನಿನಲ್ಲಿ ಮಾಪನ್ನು ತೆಗೆದರು. ಅದಕ್ಕೆ ಅಂಟಿಕೊಂಡು ಕೆಟ್ಟುಹೋಗಿದ್ದ ಕರುಳಿನ ಭಾಗವನ್ನೂ ತೆಗೆಯಬೇಕಾಯಿತು.

ಮೊದಲ ಆಸ್ಪತ್ರೆಗೆ ಕೇಸ್ ಶೀಟಿನ ನಕಲು ಕೇಳಿ ಅರ್ಜಿ ಕೊಟ್ಟೆವು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿನಡತೆ ನಿಯಮಗಳ ಪ್ರಕಾರ ರೋಗಿಯಾಗಲಿ ಆತನ ಪರವಾಗಿ ಅಧಿಕಾರ ಪಡೆದವರಾಗಲಿ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ನಮ್ಮ ಕೈಗೆ ಅದು ಬಂದದ್ದು ತಿಂಗಳು ಕಳೆದ ಮೇಲೆ, ಅದೂ ವಕೀಲರ ನೋಟಿಸ್ ಹೋದ ನಂತರ. ಬಂದ ಕಟ್ಟಿನಲ್ಲಿ ಮಾಪ್ ಎಣಿಕೆಯ ನಮೂನೆಯೂ ಇತ್ತು. ಆಪರೇಶನ್ ಶುರುವಾಗುವ ಮೊದಲಿನದು, ಹೊಟ್ಟೆ ಮುಚ್ಚುವ ಮೊದಲಿನದು, ಚರ್ಮ ಹೊಲಿಯುವ ಮೊದಲಿನದು ಎಂದು ಮೂರು ಸಲದ ಎಣಿಕೆಗಳು ಅದರಲ್ಲಿದ್ದವು. ಮೂರೂ ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ, ಒಂದೇ ಸಹಿಯ ಮೇಲೆ ‘ಸರಿ ಇದೆ’ ಎಂದು ಮುಗಿದಿದ್ದವು. ಓಟಿಯಲ್ಲಿ ಕೆಲಸ ಮಾಡಿದ ಯಾರಿಗೆ ಬೇಕಾದರೂ ಆ ಹಾಳೆಯನ್ನು ತೋರಿಸಿ. ಎಲ್ಲ ಮುಗಿದ ಮೇಲೆ ಒಂದೇ ಉಸಿರಿನಲ್ಲಿ ತುಂಬಿದ್ದು ಎಂದು ಹೇಳುತ್ತಾರೆ. ಆದರೆ ಹಾಗೆ ಹೇಳುವುದು ಬೇರೆ, ಅದನ್ನು ಸಾಬೀತು ಮಾಡುವುದು ಬೇರೆ.

ಎರಡನೆಯ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿಯ ಕಥೆಯೂ ಕೇಳುವಂಥದ್ದೇ. ಅದರಲ್ಲಿ ‘ಹೊಟ್ಟೆಯೊಳಗಿನ ಗಂಟನ್ನು ತೆಗೆಯಲಾಯಿತು’ ಎಂದಷ್ಟೇ ಬರೆದಿದ್ದರು. ಗಂಟಿನೊಳಗೆ ಮಾಪ್ ಇತ್ತು ಎಂದು ಬಾಯಲ್ಲಿ ಹೇಳಿದವರು ಕಾಗದದ ಮೇಲೆ ಬರೆಯಲು ಒಪ್ಪಲಿಲ್ಲ. ಬರೆಸಲು ನಾವು ಅಲ್ಲಿನ ಆಡಳಿತಾಧಿಕಾರಿಗಳವರೆಗೆ ಹೋಗಬೇಕಾಯಿತು. ಜೀವ ಉಳಿಸಿದ ಆ ಸರ್ಜನ್ನರಿಗೆ ನಾವು ಋಣಿಗಳು. ಅಂಥ ಒಳ್ಳೆಯ ವೈದ್ಯರೂ ಇನ್ನೊಬ್ಬ ವೈದ್ಯರ ತಪ್ಪನ್ನು ಬರಹಕ್ಕಿಳಿಸಲು ಹಿಂಜರಿಯುತ್ತಾರೆ ಎಂದ ಮೇಲೆ, ಓದು ಬರಹ ಬಾರದ, ಮನೆಯಲ್ಲಿ ನರ್ಸ್ ಒಬ್ಬಳಿಲ್ಲದ ಕುಟುಂಬಕ್ಕೆ ಏನಾಗಿದೆಯೆಂಬುದು ತಿಳಿಯುವುದಾದರೂ ಹೇಗೆ ಎಂಬುದನ್ನು ತಾವು ಯೋಚಿಸಬೇಕು.

ಮಾನ್ಯರೇ, ಎಣಿಕೆ ಎಂಬುದು ಹೊರಗಿನವರಿಗೆ ಸಣ್ಣ ವಿಚಾರವಾಗಿ ಕಾಣಬಹುದು. ರಕ್ತದಲ್ಲಿ ನೆನೆದ ಮಾಪ್ ಹೊಟ್ಟೆಯೊಳಗೆ ಒಂದು ಮೂಲೆಗೆ ಸರಿದರೆ ಅದಕ್ಕೂ ಸುತ್ತಲಿನ ಮಾಂಸಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಕಣ್ಣನ್ನು ನಂಬುವಂತಿಲ್ಲವಾದ್ದರಿಂದಲೇ ಎಣಿಕೆಯನ್ನು ನಂಬುತ್ತೇವೆ. ಸರ್ಜನ್ನರ ಪಕ್ಕದಲ್ಲಿ ಕೈತೊಳೆದು ನಿಂತ ನರ್ಸ್ ಒಂದೊಂದನ್ನೂ ಬಿಡಿಸಿ ಗಟ್ಟಿಯಾಗಿ ಎಣಿಸಬೇಕು, ಓಟಿಯಲ್ಲೇ ಓಡಾಡಿಕೊಂಡಿರುವ ಇನ್ನೊಬ್ಬ ನರ್ಸ್ ಅದನ್ನು ಬೋರ್ಡಿನ ಮೇಲೆ ಬರೆಯಬೇಕು, ನಡುವೆ ಹೊಸ ಕಟ್ಟು ಒಡೆದರೆ ಅದನ್ನೂ ಸೇರಿಸಬೇಕು. ಮಾಪನ್ನು ಯಾವ ಕಾರಣಕ್ಕೂ ಕತ್ತರಿಸಿ ಎರಡು ಮಾಡಬಾರದು. ಲೆಕ್ಕ ತಪ್ಪಿದರೆ ಬಕೆಟ್ಟು, ಹೊದಿಕೆ, ನೆಲ ಎಲ್ಲ ಹುಡುಕಿ, ಆಗಲೂ ಸಿಗದಿದ್ದರೆ ರೋಗಿ ಟೇಬಲ್ಲಿನ ಮೇಲಿರುವಾಗಲೇ ಎಕ್ಸ್‌ರೇ ತೆಗೆಯಬೇಕು. ಇದಿಷ್ಟೂ ಪುಸ್ತಕದಲ್ಲಿದೆ. ಆದರೆ ರಾತ್ರಿ ಎರಡು ಗಂಟೆಗೆ ತುರ್ತು ಸಿಸೇರಿಯನ್ ಬಂದು, ಇಡೀ ಓಟಿಗೆ ಒಬ್ಬಳೇ ನರ್ಸ್ ಇದ್ದು, ಅವಳೇ ಸಾಮಾನು ಕೊಡುತ್ತ, ಅವಳೇ ಹೊಸ ಕಟ್ಟು ಒಡೆಯುತ್ತ, ಮಗು ಅಳದಿದ್ದರೆ ಅತ್ತಲೂ ಓಡುತ್ತ ಇರುವಾಗ ಯಾರು ಎಣಿಸಬೇಕು, ಯಾರು ಬರೆಯಬೇಕು? ಸಣ್ಣ ಊರುಗಳ ಎಷ್ಟೋ ನರ್ಸಿಂಗ್ ಹೋಮುಗಳಲ್ಲಿ ತರಬೇತಿ ಪಡೆದ ನರ್ಸ್ ಬದಲು ಅಲ್ಲೇ ಕೆಲಸ ಕಲಿತ ಹುಡುಗಿಯರು ಈ ಜವಾಬ್ದಾರಿ ಹೊತ್ತಿರುತ್ತಾರೆ. ತಪ್ಪಾದಾಗ ಮೊದಲು ಕೆಲಸ ಕಳೆದುಕೊಳ್ಳುವವರೂ ಅವರೇ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವಿಮಾ ದಾಖಲೆಗಳನ್ನು ಆಧರಿಸಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಬಗೆಯ ಪ್ರಕರಣಗಳನ್ನು ಪರಿಶೀಲಿಸಿತ್ತು. ದೇಹದೊಳಗೆ ವಸ್ತು ಉಳಿದಿದ್ದ ಪ್ರಕರಣಗಳಲ್ಲಿ, ಎಣಿಕೆ ನಡೆದಿದ್ದ ಕಡೆ ನೂರಕ್ಕೆ 88ರಲ್ಲಿ ಕೊನೆಯ ಲೆಕ್ಕ ಸರಿಯಿದೆ ಎಂದೇ ತಂಡ ನಂಬಿತ್ತು. ತುರ್ತು ಆಪರೇಶನ್ನಿನಲ್ಲಿ ಹೀಗಾಗುವ ಸಂಭವ ಒಂಬತ್ತು ಪಟ್ಟು ಹೆಚ್ಚು ಎಂಬುದೂ ಅದರಲ್ಲೇ ತಿಳಿದುಬಂತು. ಹಾಗಾಗಿ ‘ಎಣಿಕೆ ಸರಿಯಿತ್ತು, ಆದ್ದರಿಂದ ನಮ್ಮ ತಪ್ಪಿಲ್ಲ’ ಎಂದು ಆಸ್ಪತ್ರೆಗಳು ಕೊಡುವ ಉತ್ತರಕ್ಕೆ ಅರ್ಥವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಯ ಸುರಕ್ಷತೆಗೆಂದು 19 ಅಂಶಗಳ ಒಂದು ಪುಟದ ಪಟ್ಟಿಯನ್ನು ಹೊರತಂದಿತು. ಅರಿವಳಿಕೆ ಕೊಡುವ ಮೊದಲು, ಚರ್ಮ ಕೊಯ್ಯುವ ಮೊದಲು, ರೋಗಿಯನ್ನು ಓಟಿಯಿಂದ ಹೊರಗೆ ಕಳಿಸುವ ಮೊದಲು ಇಡೀ ತಂಡ ನಿಂತು ಗಟ್ಟಿಯಾಗಿ ಓದಬೇಕಾದ ಪಟ್ಟಿ ಅದು: ಈ ರೋಗಿ ಯಾರು, ಯಾವ ಆಪರೇಶನ್, ಎಡವೋ ಬಲವೋ, ಔಷಧಿಯ ಅಲರ್ಜಿ ಇದೆಯೇ, ಮಾಪು, ಸೂಜಿ, ಸಲಕರಣೆಗಳ ಲೆಕ್ಕ ಸರಿಯಿದೆಯೇ. ದೆಹಲಿಯೂ ಸೇರಿ ಜಗತ್ತಿನ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಬಳಸಿ ನೋಡಿದಾಗ ಆಪರೇಶನ್ ನಂತರದ ಸಾವು ನೂರಕ್ಕೆ 1.5ರಿಂದ 0.8ಕ್ಕೆ, ತೊಡಕುಗಳು ನೂರಕ್ಕೆ 11ರಿಂದ 7ಕ್ಕೆ ಇಳಿದವು ಎಂದು 2009ರಲ್ಲಿ ಪ್ರಕಟವಾಯಿತು. ಖರ್ಚಿಲ್ಲದ, ಯಂತ್ರ ಬೇಡದ ಕೆಲಸ. ದೊಡ್ಡ ಆಸ್ಪತ್ರೆಗಳಲ್ಲಿ ಈ ಪಟ್ಟಿ ಗೋಡೆಯ ಮೇಲೆ ಇದೆ. ಓದುತ್ತಾರೋ ಇಲ್ಲವೋ ಎಂದು ಕೇಳುವ ಅಧಿಕಾರ ಯಾರಿಗಿದೆ ಎಂಬುದು ನನಗಂತೂ ಗೊತ್ತಾಗಿಲ್ಲ.

ಇನ್ನು ಕಾನೂನಿನ ಮಾತು. ನಾನು ವಕೀಲೆಯಲ್ಲ, ಆದರೆ ದೂರು ಹಿಡಿದು ಓಡಾಡುವವರಿಗೆ ಕಾನೂನು ತಾನಾಗಿಯೇ ಬಾಯಿಗೆ ಬರುತ್ತದೆ. 1995ರಲ್ಲಿ ಸುಪ್ರೀಂ ಕೋರ್ಟ್ ವಿ.ಪಿ. ಶಾಂತಾ ಪ್ರಕರಣದಲ್ಲಿ, ಹಣ ಪಡೆದು ಕೊಡುವ ವೈದ್ಯಕೀಯ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ಒಳಪಡುತ್ತದೆ ಎಂದು ತೀರ್ಪು ನೀಡಿತು. ಅದರ ಮರುವರ್ಷ ಅಚ್ಯುತರಾವ್ ಖೋಡ್ವಾ ಪ್ರಕರಣದ ತೀರ್ಪು ಬಂತು. 1963ರ ಜುಲೈನಲ್ಲಿ ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ಹೆಂಗಸಿಗೆ ಸಂತಾನಹರಣದ ಆಪರೇಶನ್ ಮಾಡಿ ಹೊಟ್ಟೆಯೊಳಗೆ ಟವೆಲ್ ಬಿಟ್ಟಿದ್ದರು. ಮತ್ತೆ ತೆರೆದು ತೆಗೆದರೂ ಆಕೆ ಆ ತಿಂಗಳೇ ತೀರಿಕೊಂಡರು. ಟವೆಲ್ ಒಳಗೆ ಉಳಿದದ್ದೇ ನಿರ್ಲಕ್ಷ್ಯಕ್ಕೆ ಸಾಕ್ಷಿ, ಯಾವ ವೈದ್ಯರ ಕೈಯಿಂದ ತಪ್ಪಾಯಿತೆಂದು ಬೊಟ್ಟುಮಾಡಿ ತೋರಿಸಲಾಗದಿದ್ದರೂ ಆಸ್ಪತ್ರೆ ನಡೆಸುವ ಸರ್ಕಾರ ಹೊಣೆ ಹೊರಲೇಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ತತ್ತ್ವ ಚೊಕ್ಕವಾಗಿದೆ. ಆದರೆ ಆ ಕುಟುಂಬಕ್ಕೆ ಮೊದಲ ನ್ಯಾಯಾಲಯ ಕೊಟ್ಟ 36,000 ರೂಪಾಯಿ ಹೈಕೋರ್ಟಿನಲ್ಲಿ ರದ್ದಾಗಿ, ಮತ್ತೆ ಸುಪ್ರೀಂ ಕೋರ್ಟಿನಲ್ಲಿ ಊರ್ಜಿತವಾಗುವಷ್ಟರಲ್ಲಿ ಮೂವತ್ತಮೂರು ವರ್ಷ ಕಳೆದಿತ್ತು.

ಟವೆಲ್ಲೋ ಮಾಪೋ ಉಳಿದ ಪ್ರಕರಣ ಇಷ್ಟು ಸ್ಪಷ್ಟವಾಗಿದ್ದರೆ ತೊಂದರೆ ಎಲ್ಲಿ ಎಂದು ತಾವು ಕೇಳಬಹುದು. ತೊಂದರೆ ಕಾಲದ ಲೆಕ್ಕದಲ್ಲಿದೆ. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷದ ಮಿತಿ. ವಿಳಂಬಕ್ಕೆ ತಕ್ಕ ಕಾರಣ ತೋರಿಸಿದರೆ ಮನ್ನಿಸಬಹುದು, ನಿಜ. ಆದರೆ 1993ರಲ್ಲಿ ಪಿತ್ತಕೋಶದ ಆಪರೇಶನ್ ಮಾಡಿಸಿಕೊಂಡು, 2002ರಲ್ಲಿ ಹೊಟ್ಟೆಯೊಳಗೆ ಗಾಜ್ ಬಟ್ಟೆ ಇದೆಯೆಂದು ತಿಳಿದ ಮಹಿಳೆಯೊಬ್ಬರ ದೂರನ್ನು ಸುಪ್ರೀಂ ಕೋರ್ಟ್ 2010ರಲ್ಲಿ ಅವಧಿ ಮೀರಿದ್ದೆಂದು ತಳ್ಳಿಹಾಕಿತು. ಆಕೆ ಸ್ವತಃ ನರ್ಸ್. ಅಷ್ಟು ವರ್ಷ ನೋವಿದ್ದಾಗ ಮೊದಲೇ ಪರೀಕ್ಷೆ ಮಾಡಿಸಿಕೊಳ್ಳಬೇಕಿತ್ತು ಎಂಬುದು ನ್ಯಾಯಾಲಯದ ತರ್ಕ. ತೀರ್ಪನ್ನು ಗೌರವಿಸುತ್ತಲೇ ಒಂದು ಮಾತು ಹೇಳಬೇಕೆನಿಸುತ್ತದೆ: ನೋವು ತಿನ್ನುತ್ತ ಗ್ಯಾಸ್ಟ್ರಿಕ್ ಮಾತ್ರೆ ನುಂಗುವ ಹೆಂಗಸರ ಸಹನೆ ಎಷ್ಟು ಉದ್ದದ್ದು ಎಂಬುದು ನಮ್ಮ ಹೊರರೋಗಿ ವಿಭಾಗದಲ್ಲಿ ಒಂದು ದಿನ ಕೂತವರಿಗೆಲ್ಲ ಗೊತ್ತು. ಕೇರಳದ ಕೋಯಿಕ್ಕೋಡಿನ ಮಹಿಳೆಯೊಬ್ಬರ ಹೊಟ್ಟೆಯಿಂದ ಫೋರ್ಸೆಪ್ಸ್ ಎಂಬ ಇಕ್ಕಳ ಹೊರಬಂದದ್ದು 2022ರಲ್ಲಿ, 2017ರ ಸಿಸೇರಿಯನ್ ಆಗಿ ಐದು ವರ್ಷದ ಮೇಲೆ.

ಈಗ ಇದರ ಪಕ್ಕದಲ್ಲಿ ಇನ್ನೊಂದು ನಿಯಮವನ್ನು ಇಟ್ಟು ನೋಡಿ. ಅದೇ 2002ರ ವೃತ್ತಿನಡತೆ ನಿಯಮಗಳು ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಟ್ಟುಕೊಂಡರೆ ಸಾಕು ಎನ್ನುತ್ತವೆ. ಐದನೆಯ ವರ್ಷ ಇಕ್ಕಳ ಹೊರಬಂದರೆ, ಒಂಬತ್ತನೆಯ ವರ್ಷ ಬಟ್ಟೆ ಹೊರಬಂದರೆ, ಅದನ್ನು ಯಾರು ಬಿಟ್ಟರೆಂದು ಹೇಳಬೇಕಾದ ಕಾಗದ ಅಷ್ಟರಲ್ಲಿ ಕಾನೂನುಬದ್ಧವಾಗಿಯೇ ರದ್ದಿಗೆ ಹೋಗಿರುತ್ತದೆ. ಅಂಗಡಿಯವನು ತನ್ನ ಲೆಕ್ಕದ ಪುಸ್ತಕವನ್ನು ತೆರಿಗೆ ಇಲಾಖೆಗೆ ಹೆದರಿ ಇದಕ್ಕಿಂತ ಹೆಚ್ಚು ಕಾಲ ಕಾಯ್ದಿಡುತ್ತಾನೆ.

ಸರ್ಕಾರಿ ಆಸ್ಪತ್ರೆಯ ರೋಗಿಗಳ ಸ್ಥಿತಿ ಇನ್ನೂ ಬಿಗಿ. ಎಲ್ಲರಿಗೂ ಸಂಪೂರ್ಣ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಯ ಸೇವೆ ಗ್ರಾಹಕ ಕಾಯ್ದೆಗೆ ಬರುವುದಿಲ್ಲ ಎಂದು ಶಾಂತಾ ತೀರ್ಪೇ ಹೇಳಿದೆ. ಅಂಥ ಕಡೆ ತಪ್ಪಾದರೆ ಬಡವರು ಸಿವಿಲ್ ದಾವೆ ಹೂಡಬೇಕು, ಕೇಳುವ ಪರಿಹಾರಕ್ಕೆ ತಕ್ಕ ಕೋರ್ಟ್ ಶುಲ್ಕದ ಚಿಂತೆ ಮಾಡಬೇಕು, ಇಲ್ಲವೇ ಹೈಕೋರ್ಟಿನ ಮೆಟ್ಟಿಲು ಹತ್ತಬೇಕು. ದುಡ್ಡು ಕೊಟ್ಟವರಿಗೆ ಹತ್ತಿರದ ಬಾಗಿಲು, ಕೊಡಲಾಗದವರಿಗೆ ದೂರದ ಬಾಗಿಲು. ವಿಚಿತ್ರವೆಂದರೆ, ಸಂತಾನಹರಣ ಆಪರೇಶನ್ನಿನ ವಿಷಯದಲ್ಲಿ ಸರ್ಕಾರ ಈ ಸಮಸ್ಯೆಯನ್ನು ಆಗಲೇ ಬಗೆಹರಿಸಿಕೊಂಡಿದೆ. ಸುಪ್ರೀಂ ಕೋರ್ಟಿನ ಆದೇಶದ ಮೇರೆಗೆ 2005ರಲ್ಲಿ ಬಂದ ವ್ಯವಸ್ಥೆಯಂತೆ ಆ ಆಪರೇಶನ್ನಿನಿಂದ ಸಾವಾದರೆ, ತೊಡಕಾದರೆ, ಅದು ವಿಫಲವಾದರೆ, ಯಾರ ತಪ್ಪೆಂದು ಹತ್ತು ವರ್ಷ ವಾದಿಸದೆ ನಿಗದಿಯಾದ ಪರಿಹಾರ ಕೊಡಲು ಯೋಜನೆಯಿದೆ. ಜನಸಂಖ್ಯೆ ಇಳಿಸುವ ಆಪರೇಶನ್ನಿಗೆ ಇರುವ ಅನುಕೂಲ ಹರ್ನಿಯಾ ಆಪರೇಶನ್ನಿಗೆ, ಸಿಸೇರಿಯನ್ನಿಗೆ ಏಕಿಲ್ಲ? 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ, ರಕ್ತನಾಳಕ್ಕೆ ಕೊಟ್ಟ ದ್ರಾವಣದ ಮೇಲೆ ಅನುಮಾನ ಬಂದು, ರಾಜ್ಯವೆಲ್ಲ ಆ ಬಗ್ಗೆ ಮಾತಾಡಿ, ಸರ್ಕಾರ ಪರಿಹಾರ ಘೋಷಿಸಿತು. ಘೋಷಿಸಿದ್ದು ಒಳ್ಳೆಯದೇ ಆಯಿತು. ಆದರೆ ಸುದ್ದಿಯಾದ ಸಾವಿಗೆ ಪರಿಹಾರ, ಸುದ್ದಿಯಾಗದೆ ಹೋದ ಸಾವಿಗೆ ಬರಿಗೈ ಎಂಬುದು ನೀತಿಯಾಗಲಾರದು.

ವೈದ್ಯರ ಅಳುಕೂ ನನಗೆ ಗೊತ್ತು, ಅವರ ಜೊತೆಯಲ್ಲೇ ನಿಂತು ಕೆಲಸ ಮಾಡಿದ್ದೇನೆ. ಕೈಯಲ್ಲಿದ್ದ ರೋಗಿ ಹೋದ ರಾತ್ರಿ ಊಟ ಬಿಟ್ಟು ಕೂತ ಸರ್ಜನ್ನರನ್ನು ಕಂಡಿದ್ದೇನೆ. ಅದೇ ರಾತ್ರಿ ಗೇಟಿನ ಹೊರಗೆ ಕಲ್ಲು ಹಿಡಿದು ನಿಂತವರನ್ನೂ ಕಂಡಿದ್ದೇನೆ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ನಮ್ಮ ರಾಜ್ಯದಲ್ಲಿ 2009ರಿಂದ ಪ್ರತ್ಯೇಕ ಕಾಯ್ದೆಯಿದೆ, ಅದು ಇರಬೇಕಾದ್ದೇ. 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವೈದ್ಯರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲು ಸಾಮಾನ್ಯ ತಪ್ಪು ಸಾಲದು, ಘೋರ ನಿರ್ಲಕ್ಷ್ಯ ಇರಬೇಕು, ತನಿಖಾಧಿಕಾರಿ ಮೊದಲು ಆ ವಿಭಾಗದ ತಜ್ಞರಿಂದ ನಿಷ್ಪಕ್ಷಪಾತ ಅಭಿಪ್ರಾಯ ಪಡೆಯಬೇಕು ಎಂದಿತು. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಕೂಡ ನಿರ್ಲಕ್ಷ್ಯದಿಂದಾದ ಸಾವಿಗೆ ಬೇರೆಯವರಿಗೆ ಐದು ವರ್ಷದವರೆಗೆ ಶಿಕ್ಷೆಯೆಂದರೆ, ನೋಂದಾಯಿತ ವೈದ್ಯರು ಚಿಕಿತ್ಸೆ ನೀಡುವಾಗ ಆದ ಸಾವಿಗೆ ಎರಡು ವರ್ಷದವರೆಗೆ ಎನ್ನುತ್ತದೆ. ಇದನ್ನೆಲ್ಲ ನಾನು ಆಕ್ಷೇಪಿಸುವುದಿಲ್ಲ. ಮಾಪ್ ಉಳಿದದ್ದಕ್ಕೆ ಯಾರನ್ನೋ ಜೈಲಿಗೆ ಕಳಿಸಿ ನನ್ನ ನಾದಿನಿಗೆ ಆಗಬೇಕಾದ್ದೇನೂ ಇಲ್ಲ. ಏನಾಯಿತೆಂದು ಹೇಳಲಿ, ಎರಡನೆಯ ಆಪರೇಶನ್ನಿನ ಖರ್ಚನ್ನೂ ಕಳೆದುಕೊಂಡ ದುಡಿಮೆಯನ್ನೂ ಕಟ್ಟಿಕೊಡಲಿ, ಆ ಓಟಿಯಲ್ಲಿ ಮತ್ತೆ ಹೀಗಾಗದಂತೆ ಮಾಡಲಿ ಎಂಬುದಷ್ಟೇ ಆಕೆಯ ಬೇಡಿಕೆ. ಆದರೆ ‘ತಜ್ಞರ ಅಭಿಪ್ರಾಯ’ ಎಂಬುದನ್ನು ಅದೇ ಜಿಲ್ಲೆಯ, ಅದೇ ಸಂಘದ ಸಭೆಗಳಲ್ಲಿ ಜೊತೆಯಲ್ಲಿ ಕೂರುವ ವೈದ್ಯರಿಂದ ಪಡೆದಾಗ, ಅದು ಎಷ್ಟೇ ಪ್ರಾಮಾಣಿಕವಾಗಿದ್ದರೂ ನೊಂದವರಿಗೆ ನಂಬಿಕೆ ಬರುವುದಿಲ್ಲ.

ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದು. 2017ರಲ್ಲಿ ಅದಕ್ಕೆ ತಿದ್ದುಪಡಿ ತಂದಾಗ ವೈದ್ಯರು ಮುಷ್ಕರ ಹೂಡಿದ್ದು, ಹೊರರೋಗಿ ವಿಭಾಗಗಳು ಮುಚ್ಚಿದ್ದು, ಬೆಳಗಾವಿ ಅಧಿವೇಶನದಲ್ಲಿ ಅದೇ ದೊಡ್ಡ ಚರ್ಚೆಯಾದದ್ದು ತಮಗೆ ನೆನಪಿರಬಹುದು. ಮೊದಲ ಕರಡಿನ ಕಠಿಣ ಅಂಶಗಳು ಕರಗಿದ ಮೇಲೂ ಎರಡು ಒಳ್ಳೆಯ ಸಂಗತಿಗಳು ಉಳಿದವು: ರೋಗಿಗಳ ಹಕ್ಕುಪತ್ರ ಮತ್ತು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರ. ನಾವೂ ನಮ್ಮ ಜಿಲ್ಲೆಯ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟೆವು. ಸಭೆ ಮುಂದಕ್ಕೆ ಹೋಗುತ್ತ ಹೋಗಿ, ಕೊನೆಗೆ ಇದು ವೈದ್ಯಕೀಯ ನಿರ್ಲಕ್ಷ್ಯದ ವಿಚಾರವಾದ್ದರಿಂದ ರಾಜ್ಯದ ವೈದ್ಯಕೀಯ ಪರಿಷತ್ತಿಗೆ ಕಳಿಸಲಾಗಿದೆ ಎಂಬ ಒಂದು ಸಾಲಿನ ಉತ್ತರ ಬಂತು. ಪರಿಷತ್ತು ವೈದ್ಯರಿಗೆ ಎಚ್ಚರಿಕೆ ಕೊಡಬಹುದು, ಹೆಸರನ್ನು ನೋಂದಣಿ ಪುಸ್ತಕದಿಂದ ತೆಗೆಯಬಹುದು. ರೋಗಿಗೆ ಪರಿಹಾರ ಕೊಡಿಸುವ ಅಧಿಕಾರ ಅದಕ್ಕಿಲ್ಲ, ಆಸ್ಪತ್ರೆಯ ಆಡಳಿತದ ಮೇಲೆ ಕೈಯೂ ಇಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2019ರ ಕಾಯ್ದೆಯ 30ನೇ ಕಲಮಿನಲ್ಲಿ ರಾಜ್ಯ ಪರಿಷತ್ತಿನ ಕ್ರಮದಿಂದ ಬಾಧಿತರಾದ ವೈದ್ಯರು ಮೇಲ್ಮನವಿ ಹೋಗಬಹುದೆಂದಿದೆ. ರೋಗಿಯ ಮೇಲ್ಮನವಿಯ ಬಗ್ಗೆ ಅಲ್ಲಿ ಒಂದು ಮಾತೂ ಇಲ್ಲ. ಗ್ರಾಹಕ ಆಯೋಗದಲ್ಲಿ ನಮ್ಮ ದೂರು ಈಗ ಇದೆ. ಮೂರು ತಿಂಗಳಲ್ಲಿ ಇತ್ಯರ್ಥಕ್ಕೆ ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಆ ಬಗ್ಗೆ ಹೆಚ್ಚು ಬರೆಯುವುದು ಸರಿಯಾಗದು.

ಇಷ್ಟು ಹೇಳಿದ ಮೇಲೆ ತಮ್ಮಲ್ಲಿ ನನ್ನ ಕೋರಿಕೆಗಳನ್ನು ಇಡುತ್ತೇನೆ.

ಎಲ್ಲಕ್ಕಿಂತ ಮೊದಲನೆಯದು ಕಾಗದದ್ದು. ಆಪರೇಶನ್ ಆದ ಪ್ರತಿಯೊಬ್ಬ ರೋಗಿಗೂ ಡಿಸ್ಚಾರ್ಜ್ ಸಮ್ಮರಿಯ ಜೊತೆಯಲ್ಲೇ ಸರ್ಜನ್ನರ ಆಪರೇಶನ್ ಟಿಪ್ಪಣಿ, ಅರಿವಳಿಕೆಯ ದಾಖಲೆ, ಸುರಕ್ಷತಾ ಪಟ್ಟಿ ಮತ್ತು ಇಬ್ಬರ ಸಹಿಯುಳ್ಳ ಎಣಿಕೆಯ ಹಾಳೆಯ ನಕಲುಗಳನ್ನು, ಕೇಳದೆಯೇ, ಉಚಿತವಾಗಿ ಕೊಡಬೇಕು. ಆರೋಪ ಬರುವ ಮೊದಲೇ ರೋಗಿಯ ಕೈ ಸೇರಿದ ಕಾಗದವನ್ನು ಆಮೇಲೆ ಯಾರೂ ತಿದ್ದಲಾರರು. ತಪ್ಪು ಮಾಡದ ವೈದ್ಯರಿಗೂ ಅದೇ ದೊಡ್ಡ ರಕ್ಷಣೆ. ಇದು ಆಗದ ಕೆಲಸವೆಂದು ಯಾರಾದರೂ ತಮಗೆ ಹೇಳಿದರೆ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಲ್ ಪಾಸಾಗಲು ಇದೇ ಆಸ್ಪತ್ರೆಗಳು ಆಪರೇಶನ್ ಟಿಪ್ಪಣಿಗಳನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೆ ಕಳಿಸುತ್ತಿಲ್ಲವೇ ಎಂದು ದಯವಿಟ್ಟು ಕೇಳಿ. ಹಣ ಕೊಡುವವರಿಗೆ ತೋರಿಸುವ ಕಾಗದವನ್ನು ಹೊಟ್ಟೆ ಕೊಯ್ಸಿಕೊಂಡವರಿಗೆ ಕೊಡಲು ಏನು ಅಡ್ಡಿ? ಯೋಜನೆಗೆ ಸೇರುವ ಆಸ್ಪತ್ರೆಗಳೊಂದಿಗಿನ ಒಪ್ಪಂದದಲ್ಲೇ ಈ ಷರತ್ತನ್ನು ಹಾಕಬಹುದು. ದಾಖಲೆ ಕಾಯ್ದಿಡುವ ಅವಧಿಯನ್ನು ಆಪರೇಶನ್ ಆದವರ ಮಟ್ಟಿಗಾದರೂ ಹತ್ತು ವರ್ಷಕ್ಕೆ ಏರಿಸಬೇಕು.

ತಪ್ಪಾಗಿದೆ ಎಂದು ಗೊತ್ತಾದ ಕೂಡಲೆ ರೋಗಿಗೆ ಹೇಳುವುದು ಆಸ್ಪತ್ರೆಯ ಕರ್ತವ್ಯವೆಂದು ನಿಯಮದಲ್ಲೇ ಬರೆಯಬೇಕು. ಇಂಗ್ಲೆಂಡಿನಲ್ಲಿ 2014ರಿಂದ ಇಂಥ ಕಾನೂನುಬದ್ಧ ಕರ್ತವ್ಯವಿದೆ. ಕ್ಷಮೆ ಕೇಳಿದ ಮಾತ್ರಕ್ಕೆ ಅದು ತಪ್ಪೊಪ್ಪಿಗೆ ಆಗುವುದಿಲ್ಲ ಎಂದು ಅಲ್ಲಿನ 2006ರ ಕಾಯ್ದೆಯೊಂದು ಮೊದಲೇ ಹೇಳಿತ್ತು. ನಮ್ಮಲ್ಲೂ ಆ ರಕ್ಷಣೆ ಕೊಟ್ಟರೆ ವೈದ್ಯರು ಬಾಯಿ ಬಿಡುತ್ತಾರೆ. ‘ಹೀಗಾಗಿಹೋಯಿತು ತಾಯಿ’ ಎಂಬ ಒಂದು ಮಾತು ಸಕಾಲದಲ್ಲಿ ಬಂದಿದ್ದರೆ ಹುಟ್ಟದೇ ಇರುತ್ತಿದ್ದ ಎಷ್ಟೋ ಮೊಕದ್ದಮೆಗಳನ್ನು ನಾನು ಬಲ್ಲೆ. ಇದರ ಜೊತೆಗೆ, ದೇಹದೊಳಗೆ ವಸ್ತು ಉಳಿಯುವುದು, ತಪ್ಪು ಬದಿಯ ಅಥವಾ ತಪ್ಪು ರೋಗಿಯ ಆಪರೇಶನ್ ನಡೆಯುವುದು ಇಂಥವನ್ನು ಖಾಸಗಿಯಾಗಲಿ ಸರ್ಕಾರಿಯಾಗಲಿ ಎಲ್ಲ ಆಸ್ಪತ್ರೆಗಳೂ ಇಲಾಖೆಗೆ ವರದಿ ಮಾಡಲೇಬೇಕು, ಇಲಾಖೆ ಹೆಸರಿಲ್ಲದೆ ಅವುಗಳ ಲೆಕ್ಕವನ್ನು ಪ್ರತಿವರ್ಷ ಪ್ರಕಟಿಸಬೇಕು. ತಾಯಂದಿರ ಸಾವಿನ ಪರಿಶೀಲನೆಗೆ ಸಮಿತಿಗಳು ಇರುವಾಗ ಬದುಕಿ ಉಳಿದು ನರಳುವವರ ಲೆಕ್ಕ ಇಡಲು ಕಷ್ಟವೇನಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಇಂಥ ತಪ್ಪು ನಡೆದಾಗ, ಯಾರ ಕೈಯದೆಂದು ತನಿಖೆ ಮುಗಿಯುವ ತನಕ ಕಾಯದೆ ನಿಗದಿತ ಪರಿಹಾರ ಕೊಡುವ ಒಂದು ನಿಧಿ ಬೇಕು. ನ್ಯೂಜಿಲೆಂಡ್ ದೇಶ ಅಪಘಾತ ಪರಿಹಾರದ ಇಂಥ ವ್ಯವಸ್ಥೆಯನ್ನು 1974ರಿಂದ ನಡೆಸಿಕೊಂಡು ಬಂದಿದೆ, ಚಿಕಿತ್ಸೆಯಿಂದಾದ ಹಾನಿಯೂ ಅದರಲ್ಲಿ ಸೇರುತ್ತದೆ. ಅಷ್ಟು ದೂರ ಹೋಗುವುದೂ ಬೇಡ. ಸಂತಾನಹರಣಕ್ಕೆ ಇರುವ ನಮ್ಮದೇ ಯೋಜನೆಯನ್ನು ಮಾದರಿಯಾಗಿಟ್ಟುಕೊಂಡರೆ ಸಾಕು. ಹಾಗೆಯೇ ತಜ್ಞರ ಅಭಿಪ್ರಾಯ ಬೇಕಾದಾಗ ದೂರು ಬಂದ ಜಿಲ್ಲೆಯ ಹೊರಗಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ತಂಡವನ್ನು ನೇಮಿಸಿ, ಅದರಲ್ಲಿ ಓಟಿಯ ಅನುಭವವಿರುವ ಒಬ್ಬ ಹಿರಿಯ ನರ್ಸ್ ಅನ್ನೂ ಸೇರಿಸಬೇಕು. ಎಣಿಕೆಯ ಹಾಳೆಯನ್ನು ಓದಲು ಬರುವವರು ಅವರೇ. ಜಿಲ್ಲಾ ಪ್ರಾಧಿಕಾರ ದೂರನ್ನು ಬೇರೆಡೆಗೆ ಕಳಿಸುವುದಿದ್ದರೂ, ದಾಖಲೆ ಕೊಡದ, ತರಬೇತಿಯಿಲ್ಲದವರನ್ನು ಓಟಿಯಲ್ಲಿ ನಿಲ್ಲಿಸಿದ ಆಸ್ಪತ್ರೆಯ ನೋಂದಣಿಯ ಬಗ್ಗೆ ತಾನೇ ಗೊತ್ತಾದ ಅವಧಿಯೊಳಗೆ ತೀರ್ಮಾನಿಸಿ, ಆದೇಶವನ್ನು ಜನರಿಗೆ ಸಿಗುವಂತೆ ಪ್ರಕಟಿಸಬೇಕು. ರೋಗಿಗೂ ಮೇಲ್ಮನವಿಯ ಹಕ್ಕು ಬೇಕೆಂದು ರಾಜ್ಯ ಸರ್ಕಾರ ಕೇಂದ್ರಕ್ಕೆ ಬರೆಯಬೇಕು.

ಓಟಿಯಲ್ಲಿ ನರ್ಸ್‌ಗಳ ಸಂಖ್ಯೆಯ ಬಗ್ಗೆ ಬೇರೆಯಾಗಿ ಹೇಳಬೇಕಿಲ್ಲ, ಆದರೂ ಹೇಳುತ್ತೇನೆ: ಒಬ್ಬಳೇ ನರ್ಸ್ ಇರುವಲ್ಲಿ ಇಬ್ಬರ ಸಹಿ ಬೇಕೆಂದು ಆದೇಶಿಸಿದರೆ ಅವಳು ಇಬ್ಬರ ಸಹಿಯನ್ನೂ ಹಾಕುತ್ತಾಳೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿಗೆ ಎರಡನೆಯವಳನ್ನು ಕೊಟ್ಟ ಮೇಲೆ ಆ ಆದೇಶ ಹೊರಡಲಿ.

ಇವುಗಳಲ್ಲಿ ನಿಧಿಗೆ ಬಜೆಟ್ ಬೇಕು, ಕಾಯ್ದೆಯ ತಿದ್ದುಪಡಿಗೆ ಸದನ ಬೇಕು ಎಂಬುದು ನನಗೆ ತಿಳಿದಿದೆ. ಆದರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಡಿಸ್ಚಾರ್ಜ್ ದಿನವೇ ನಕಲು ಕೊಡಬೇಕೆಂಬುದಕ್ಕೆ ಇಲಾಖೆಯ ಒಂದು ಸುತ್ತೋಲೆ ಸಾಕು. ಅದು ಮೊದಲು ಹೊರಡಲಿ. ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಮಾಡಿ ತೋರಿಸಿದ್ದನ್ನು ಖಾಸಗಿಯವರಿಗೆ ವಿಧಿಸುವಾಗ ಯಾರೂ ಬೀದಿಗಿಳಿಯಲಾರರು. ಈ ಪತ್ರಕ್ಕೆ ಉತ್ತರವಾಗಿ ಆ ಸುತ್ತೋಲೆಯ ಸಂಖ್ಯೆ ಮತ್ತು ದಿನಾಂಕವನ್ನು ತಿಳಿಸಬೇಕೆಂದು ವಿನಂತಿಸುತ್ತೇನೆ.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸ್ಟಾಫ್ ನರ್ಸ್,
ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಿಂದ